ನಮ್ಮ ಬೀದರ ಪ್ರತಿನಿಧಿಯಿಂದ

ಮೈಸೂರು
16 ಜುಲೈ 1956

ಅಕ್ಕ ಶೇವಂತಾಬಾಯಿಗೆ ಏಕನಾಥನ ನಮಸ್ಕಾರಗಳು.

ಬಂದು ಮುಟ್ಟಿ ಹನ್ನೆರಡು ದಿನವಾಯಿತು. ಹಾಸ್ಟೆಲಿನಲ್ಲಿ ಜಾಗ ಸಿಕ್ಕಿದೆ. ಪತ್ರಿಕೋದ್ಯಮದ ತರಗತಿಯಲ್ಲಿ ನಾವು ಹದಿನಾಲ್ಕು ಮಂದಿ. ಹೈದರಾಬಾದ್ ರಾಜ್ಯದಿಂದ ಬಂದವನು ನಾನೊಬ್ಬನೇ. ಕನ್ನಡ ಸಾಹಿತ್ಯದಲ್ಲಿ ಬಿ.ಎ. ಮಾಡಿದ ಮೇಲೆ ಮತ್ತೆ ಇದನ್ನು ಓದಿ ಏನಾಗುತ್ತೀ ಎಂದು ನೀನು ಕೇಳಿದ್ದೆಯಲ್ಲ. ಮೊದಲ ದಿನವೇ ಮೇಷ್ಟ್ರು ಬೋರ್ಡಿನ ಮೇಲೆ ಬರೆದು ತೋರಿಸಿದರು: ವರದಿಗಾರ, ಉಪಸಂಪಾದಕ, ರೇಡಿಯೊದ ಸುದ್ದಿ ವಿಭಾಗ, ಸರ್ಕಾರದ ಪ್ರಚಾರ ಇಲಾಖೆ, ಜಾಹೀರಾತು ಕಂಪನಿ. ನನ್ನ ಪಕ್ಕದಲ್ಲಿ ಕೂರುವ ಶ್ರೀಕಂಠನಿಗೆ ರೇಡಿಯೊ ಬೇಕಂತೆ. ಅವನ ದನಿಯೇ ಹಾಗಿದೆ, ಊಟದಲ್ಲಿ ಉಪ್ಪು ಕೇಳಿದರೂ ವಾರ್ತೆ ಓದಿದಂತಿರುತ್ತದೆ. ನಾನು ವರದಿಗಾರ ಎಂದೆ. ಎರಡನೆಯ ಸಲ ಹೇಳಿದಾಗ ಮೇಷ್ಟ್ರಿಗೆ ಕೇಳಿಸಿತು.

ಮೊದಲ ಅಭ್ಯಾಸ, ದೇವರಾಜ ಮಾರುಕಟ್ಟೆಗೆ ಹೋಗಿ ಗುರುತಿಲ್ಲದ ಮೂವರನ್ನು ಮಾತಾಡಿಸಿ ಬರೆದು ತರುವುದು. ಹೂವಿನ ಸಾಲಿನಲ್ಲಿ ಒಬ್ಬಳು ಮುದುಕಿ ಗಿರಾಕಿಯ ಮುಖ ನೋಡಿಯೇ ಮೊಳ ಹಾಕುತ್ತಾಳೆ. ಒಬ್ಬರಿಗೆ ಮೊಳಕೈ ಚಾಚುತ್ತದೆ, ಇನ್ನೊಬ್ಬರಿಗೆ ಮಡಚಿಕೊಳ್ಳುತ್ತದೆ. ಅದನ್ನು ಬರೆದೆ. ಚೆನ್ನಾಗಿದೆ ಎಂದರು. ಈ ಮಾತಾಡಿಸುವ ಕೆಲಸ ಅಂದುಕೊಂಡಷ್ಟು ಕಷ್ಟವಿಲ್ಲ.

ಎಲ್ಲರ ತಂದೆಯ ಉದ್ಯೋಗ ಕೇಳಿ ಪಟ್ಟಿ ಮಾಡಿಕೊಂಡರು. ನಾನೂ ಹೇಳಿದೆ.

ಅಪ್ಪನಿಗೆ, ಅವ್ವನಿಗೆ ನನ್ನ ನಮಸ್ಕಾರ ತಿಳಿಸು.

ಏಕನಾಥ

*

ಮೈಲೂರ, ಬೀದರ
30 ಜುಲೈ 1956

ತಮ್ಮ ಏಕನಾಥನಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಕಾಗದ ಬಂದ ವಾರವೇ ನಾನು ಕಲಿಸುವ ಶಾಲೆಗೆ ರಜೆ ಸಿಕ್ಕಿತು. ಬಸ್ಸು ಹಿಡಿದು ನಮ್ಮೂರು ಠಾಣಾ ಕುಶನೂರಿಗೆ ಹೋಗಿ ಅಪ್ಪ ಅವ್ವನಿಗೆ ಓದಿ ಹೇಳಿದೆ. ತಂದೆಯ ಉದ್ಯೋಗ ಹೇಳಿದೆ ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಅಪ್ಪ ಮೂರು ಸಲ ಓದಿಸಿದರು. ಮರುದಿನ ಅವರು ಡಂಗುರ ಸಾರುವಾಗ ನಾನೂ ಹಿಂದೆ ಹೋಗಿದ್ದೆ. ಎಂದಿನಂತೆ ನಾಲ್ಕು ಜಾಗ: ಅಗಸಿ, ಬಾವಿ, ಚಾವಡಿ, ಮಠದ ಮುಂದೆ. ನಾಲ್ಕೂ ಕಡೆ ಹಲಗೆ ಬಾರಿಸಿ ಅದೇ ಮಾತು, ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಮುಗಿಸಿದ ಮೇಲೆ ಬಾವಿಯ ಹತ್ತಿರ ನಿಂತವರಿಗೆ, “ನಮ್ಮ ಏಕನಾಥ ಮೈಸೂರಾಗ ನನ್ನ ಕೆಲಸ ಹೇಳ್ಯಾನಂತ. ಅಲ್ಲಿ ಕಾಗದದಾಗ ಬರಕೊಂಡಾರಂತ,” ಎಂದರು. ಅವ್ವ, “ಇನ್ನ ಮೈಸೂರಿಗಿ ಹೋಗಿ ಬಾರಸ್ರಿ,” ಎಂದು ನಕ್ಕಳು.

ನೀನು ಹೇಳಿದ್ದು ನನಗೂ ಹಿಗ್ಗು ತಂದಿತು. ಎಳವೆಯಲ್ಲಿ ಅಪ್ಪನ ಹಿಂದೆ ಬರಲು ನಾಚಿ ಬೇಲಿಯ ಆಚೆ ನಿಲ್ಲುತ್ತಿದ್ದವನು ನೀನೇ ಏನು ಎನ್ನಿಸಿತು.

ಅಪ್ಪ ಬರೆಸಿದ್ದು: “ಯಾರ ಹುಕುಂ ಅಂತ ಮದಲ ಹೇಳಬೇಕು. ಆಮ್ಯಾಲ ಸುದ್ದಿ. ನಡುವ ನಂದು ಅಂತ ಏನೂ ಸೇರಿಸಬಾರದು. ಅವರೂ ಇದನ್ನೇ ಕಲಸ್ತಾರೇನು ಕೇಳು.”

ಶೇವಂತಾ

*

ಮೈಸೂರು
4 ಸೆಪ್ಟೆಂಬರ್ 1956

ಅಕ್ಕನಿಗೆ ನಮಸ್ಕಾರಗಳು.

ಅಪ್ಪನಿಗೆ ಹೇಳು, ಇಲ್ಲಿಯೂ ಅದನ್ನೇ ಕಲಿಸುತ್ತಾರೆ. ನನ್ನ ಪ್ರತಿ ಬರಹದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಯಾರು ಹೇಳಿದರು?’ ಎಂದು ಬರೆದು ಕೊಡುತ್ತಾರೆ. ಕಳೆದ ವಾರ ಒಂದೇ ಪುಟದಲ್ಲಿ ಆರು ಸಲ ಇತ್ತು.

ಶ್ರೀಕಂಠ ಯಾರನ್ನಾದರೂ ನಿಲ್ಲಿಸಿ ಮಾತಾಡಿಸುತ್ತಾನೆ. ಟಾಂಗಾದವನನ್ನು, ಪೊಲೀಸನನ್ನು, ಮೊನ್ನೆ ಮದುವೆ ಮೆರವಣಿಗೆಯಲ್ಲಿ ಮದುಮಗನನ್ನೇ. ನಾನು ಅವನ ಜತೆಗೆ ಹೋಗುತ್ತೇನೆ. ಅವನು ಕೇಳುತ್ತಾನೆ, ನಾನು ನೋಡುತ್ತೇನೆ. ಹೀಗೂ ನಡೆಯುತ್ತದೆ.

ಬಾವಿಯ ಹತ್ತಿರ ಅಪ್ಪ ಹಾಗೆ ಹೇಳಬಾರದಿತ್ತು.

ಏಕನಾಥ

*

ಮೈಲೂರ, ಬೀದರ
25 ಅಕ್ಟೋಬರ್ 1956

ತಮ್ಮನಿಗೆ ಆಶೀರ್ವಾದಗಳು.

ಎಲ್ಲರೂ ಕ್ಷೇಮ. ಅಪ್ಪ ನಾಲ್ಕು ಮಂದಿಯ ಜತೆ ಒಂದು ವಾರ ಪರಸ್ಥಳಕ್ಕೆ ಹೋಗಿ ಬಂದರು. ಆರಾಮಾಗಿದ್ದಾರೆ. ಅವ್ವನ ಮೊಣಕಾಲು ಪರವಾಗಿಲ್ಲ. ನೀನು ಓದಿನ ಕಡೆ ಲಕ್ಷ್ಯ ಕೊಡು. ಬೇರೆ ವಿಶೇಷವಿಲ್ಲ.

ಅವರು ಹಾಗೆ ಹೇಳಬಾರದಿತ್ತು ಎಂದು ಯಾಕೆ ಬರೆದೆಯೋ ತಿಳಿಯಲಿಲ್ಲ. ಮೈಸೂರಿನ ಗಾಳಿಯಿರಬೇಕು.

ಶೇವಂತಾ

*

ಮೈಸೂರು
3 ನವೆಂಬರ್ 1956

ಅಕ್ಕನಿಗೆ ನಮಸ್ಕಾರಗಳು.

ಮೊನ್ನೆ ಒಂದನೆಯ ತಾರೀಖಿನಿಂದ ನಾವೂ ಮೈಸೂರು ರಾಜ್ಯದವರಾದೆವು. ಹಾಸ್ಟೆಲಿನಲ್ಲಿ ಮೈಸೂರ್ ಪಾಕ್ ಹಂಚಿದರು. ಶ್ರೀಕಂಠ ತನ್ನ ರೇಡಿಯೊ ದನಿಯಲ್ಲಿ, “ಇಂದಿನಿಂದ ಏಕನಾಥರು ಪರದೇಶಿಯಲ್ಲ,” ಎಂದು ಸಾರಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಲೆ ತಗ್ಗಿಸಿ ಎರಡು ತುಂಡು ತಿಂದೆ.

ಇದಕ್ಕಿಂತ ದೊಡ್ಡ ಸುದ್ದಿ ಇನ್ನೊಂದಿದೆ. ಬೆಂಗಳೂರಿನ ಒಂದು ದಿನಪತ್ರಿಕೆಯ ಸಂಪಾದಕರು ತರಗತಿಗೆ ಬಂದಿದ್ದರು. “ಹೊಸದಾಗಿ ಸೇರಿದ ಜಿಲ್ಲೆಗಳಿಂದ ನಮಗೆ ಒಂದಕ್ಷರವೂ ಬರುತ್ತಿಲ್ಲ. ಬೀದರಿಗೆ ಒಬ್ಬ ಪ್ರತಿನಿಧಿ ಬೇಕು,” ಎಂದರು. ಮೇಷ್ಟ್ರು ನನ್ನ ಕಡೆ ಕೈ ತೋರಿಸಿದರು. ನಾನು ಎದ್ದು ನಿಂತೆ. ಸಂಪಾದಕರು ಏನೋ ಕೇಳಿದರು, ನನ್ನಿಂದ ಉತ್ತರ ಹೊರಡಲಿಲ್ಲ. ಅವರು ನಕ್ಕು, “ಬಾಯಿ ಬೇಡ, ಬರಹ ತೋರಿಸಿ. ಏಪ್ರಿಲ್ ಮುಗಿಯುವುದರೊಳಗೆ ನಿಮ್ಮ ಜಿಲ್ಲೆಯಿಂದ ಅಚ್ಚು ಹಾಕುವಂಥ ಒಂದು ವರದಿ ಕಳಿಸಿ. ಬಂದರೆ ಕೆಲಸ ನಿಮ್ಮದು. ಇಲ್ಲದಿದ್ದರೆ ಬೀದರನ್ನು ಗುಲ್ಬರ್ಗದವರೇ ನೋಡಿಕೊಳ್ಳುತ್ತಾರೆ,” ಎಂದರು.

ಅಕ್ಕ, ನನಗೆ ಆ ಕೆಲಸ ಬೇಕು. ಇಷ್ಟು ಬೇಕು ಎಂದು ನನಗೆ ಯಾವುದೂ ಅನ್ನಿಸಿರಲಿಲ್ಲ. ಊರಿನಲ್ಲಿ ಏನಾದರೂ ನಡೆದರೆ ಬರೆ.

ಕಳೆದ ಕಾಗದದಲ್ಲಿ ಅಪ್ಪ ಬರೆಸಿದ್ದು ಇರಲಿಲ್ಲ. ಯಾಕೆ?

ಏಕನಾಥ

*

ಮೈಲೂರ, ಬೀದರ
14 ಡಿಸೆಂಬರ್ 1956

ಏಕನಾಥನಿಗೆ, ಜಯಭೀಮ.

ಹೀಗೆ ಬರೆಯುವುದು ಇನ್ನೂ ಕೈಗೆ ರೂಢಿಯಾಗಿಲ್ಲ. ಆದರೆ ಇನ್ನು ಮುಚ್ಚಿಡುವುದಿಲ್ಲ. ಅಕ್ಟೋಬರಿನಲ್ಲಿ ಅಪ್ಪ ಹೋಗಿದ್ದು ನಾಗಪುರಕ್ಕೆ. ಭಾಲ್ಕಿಯಲ್ಲಿ ರೈಲು ಹತ್ತಿ ಹೋದರು, ಬುದ್ಧನ ದೀಕ್ಷೆ ತೆಗೆದುಕೊಂಡು ಬಂದರು. ಬಂದ ಮರುದಿನವೇ ಹಲಗೆಯನ್ನು ಚಾವಡಿಯ ಕಟ್ಟೆಯ ಮೇಲೆ ಇಟ್ಟುಬಿಟ್ಟರು. ನಿನ್ನ ಓದಿಗೆ ಅಡ್ಡಿಯಾಗುತ್ತದೆಂದು ನಾನೇ ಬರೆಯಲಿಲ್ಲ.

ಪೊಲೀಸ್ ಪಾಟೀಲ ಮಡೆಪ್ಪನವರು ಆ ದಿನ ಚಾವಡಿಯಲ್ಲೇ ಇದ್ದರಂತೆ.

“ಏನೋ ನರಸಿಂಗ, ಹಲಗಿ ಹರದದೇನು?”

“ಹರದಿಲ್ರಿ. ನಾ ಬಿಟ್ಟೀನ್ರಿ.”

“ನೀ ಬಿಟ್ರ ಊರಿಗಿ ಸುದ್ದಿ ಹ್ಯಾಂಗ ತಿಳೀಬೇಕು?”

“ಕಾಗದ ಓದಸ್ರಿ. ನಾನೂ ಬಂದು ಕೂತು ಕೇಳ್ತೇನ್ರಿ.”

ಈ ಸುಗ್ಗಿಗೆ, ಊರ ಚಾಕರಿಗೆಂದು ಕೊಡುವ ನಮ್ಮ ಆಯದ ಜೋಳ ಯಾರ ಕಣದಿಂದಲೂ ಬರಲಿಲ್ಲ. ಅವ್ವ ಮಾತ್ರ, “ಹೋಗ್ಲಿ. ಮೂವತ್ತು ವರ್ಷದ ನನ್ನ ತಲಿಶೂಲಿ ಹೋತು,” ಎನ್ನುತ್ತಾಳೆ.

ಬಾಬಾಸಾಹೇಬರು ತೀರಿಕೊಂಡ ಸುದ್ದಿ ಬೀದರಕ್ಕೆ ರೇಡಿಯೊದಲ್ಲಿ ಬಂತು. ನಾನು ಮೊದಲ ಬಸ್ಸಿಗೆ ಊರಿಗೆ ಓಡಿದೆ. ಅಪ್ಪ ಎದ್ದು ರುಮಾಲು ಸುತ್ತಿಕೊಂಡು ಹೊರಟರು. ಹಲಗೆಯಿಲ್ಲ, ಕೂಗಿಲ್ಲ. ನಮ್ಮ ಕೇರಿಯ ಪ್ರತಿ ಮನೆಗೆ ಹೋಗಿ, ಹೊಸ್ತಿಲಲ್ಲಿ ನಿಂತು, ಮೆಲ್ಲನೆಯ ದನಿಯಲ್ಲಿ ಒಂದೇ ಮಾತು ಹೇಳಿದರು. ಆಮೇಲೆ ಊರೊಳಗೂ ಹೋದರು. ಮಡೆಪ್ಪನವರ ಬಾಗಿಲಲ್ಲೂ ಹೇಳಿದರು. ಅವರು ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದು ನಿಂತರು. ಮರುದಿನ ಮತ್ತೆ ಮಾತು ಬಿಟ್ಟರು.

ಅಪ್ಪ ಬರೆಸಿದ್ದು: “ನನ್ನ ಕೆಲಸ ಬಿಟ್ಟೀನಿ ಅಂತ ಮೈಸೂರಾಗ ತಿಳಿಸು. ಪಟ್ಟಿದಾಗ ತಿದ್ದಕೊಳ್ಲಿ.”

ಶೇವಂತಾ

*

ಮೈಸೂರು
27 ಡಿಸೆಂಬರ್ 1956

ಅಕ್ಕನಿಗೆ, ಜಯಭೀಮ.

ನಿನ್ನ ಕಾಗದವನ್ನು ಹಾಸ್ಟೆಲಿನ ಮಾಳಿಗೆಯ ಮೇಲೆ ಒಬ್ಬನೇ ಕೂತು ಓದಿದೆ. ಅಪ್ಪ ನನಗಿಂತ ಧೈರ್ಯದವರು.

ಪಟ್ಟಿಯ ವಿಷಯ ಆಮೇಲೆ ಬರೆಯುತ್ತೇನೆ.

ಏಕನಾಥ

*

ಮೈಲೂರ, ಬೀದರ
22 ಫೆಬ್ರವರಿ 1957

ಏಕನಾಥನಿಗೆ, ಜಯಭೀಮ.

ಕಳೆದ ಭಾನುವಾರ ಊರಿಗೆ ಹೋಗಿದ್ದೆ. ಚಾವಡಿಯ ಗೋಡೆಯ ಮೇಲೆ ಒಂದು ಅಚ್ಚಿನ ಕಾಗದ ಅಂಟಿಸಿತ್ತು, ಕನ್ನಡದಲ್ಲಿ. ನಮ್ಮೂರಿನಲ್ಲಿ ಓದು ಬಲ್ಲವರಿಗೆ ಬರುವುದು ಉರ್ದು, ಮರಾಠಿ. ಕನ್ನಡ ಮಾತಾಡುತ್ತಾರೆಯೇ ಹೊರತು ಅಕ್ಷರ ಯಾರಿಗೂ ಬಾರದು. ಹಲಗೆ ಬಾರಿಸಲಿಲ್ಲವಾದ್ದರಿಂದ ಮುಖ್ಯವಾದದ್ದು ಇರಲಿಕ್ಕಿಲ್ಲ ಎಂದು ಎಲ್ಲರೂ ಅದರ ಕೆಳಗೇ ಕೂತು ಎಲೆಯಡಿಕೆ ಹಾಕುತ್ತಿದ್ದರು.

“ಓದ್ರಿ ಬಾಯಿ, ಮೈಸೂರಿನವರು ಏನಂತಾರ?” ಎಂದರು ಮಡೆಪ್ಪನವರು.

ನಾನು ಓದಿದೆ. ಠಾಣಾ ಕುಶನೂರಿಗೆ ಮಿಡ್ಲ್ ಸ್ಕೂಲು ಕೊಡಬಹುದಾಗಿದೆ, ಊರವರು ಜಾಗ ತೋರಿಸಿ ಐವತ್ತು ಸಹಿ ಹಾಕಿ ಅರ್ಜಿ ಕಳಿಸಬೇಕು, ತಪ್ಪಿದರೆ ಶಾಲೆ ಬೇರೆ ಊರಿಗೆ ಹೋಗುತ್ತದೆ. ಕೊನೆಯ ದಿನ ಜನವರಿ 31. ನಾನು ಓದುತ್ತಿದ್ದುದು ಫೆಬ್ರವರಿ 17ರಂದು. ಕೊನೆಯ ಸಾಲನ್ನು ಓದಿದ ಕೂಡಲೇ ಎಲ್ಲರ ಮುಖ ಅಪ್ಪನ ಕಡೆ ತಿರುಗಿತು. ಆ ಸಾಲನ್ನು ನುಂಗಬೇಕಿತ್ತು ಎಂದು ಆಗಿನಿಂದ ಅನ್ನಿಸುತ್ತಿದೆ.

“ಹಲಗಿ ಬಾರಿಸಿದ್ರ ಸಾಲಿ ಬರ್ತಿತ್ತು,” ಎಂದರು ಒಬ್ಬರು. “ಬಾಜೂ ಊರು ಡಾಬಕಾದವರು ಸಾಲಿ ತಮಗ ಬಂತಂತ ಈಗ ಕೈ ತಟ್ಟಿ ನಗ್ತಾರ,” ಎಂದರು ಮಡೆಪ್ಪನವರು. ಕಚೇರಿಯ ಕಾಗದ ನೋಡುವ ಪಟವಾರಿ ವೈಜಿನಾಥರನ್ನು ಕೇಳಿದರೆ, “ಅಂಟಿಸಿ ತಿಂಗಳಾತು. ನಾ ಏನು ಮಾಡ್ಲಿ?” ಎಂದರು. ಅಪ್ಪ ಎದ್ದು ಮನೆಗೆ ಬಂದರು. ಊಟ ಮಾಡಲಿಲ್ಲ.

ಮಕ್ಕಳು ಏಳು ಮೈಲಿ ನಡೆಯುವುದು ತಪ್ಪುತ್ತಿತ್ತು. ಊರಿಗೆ ಊರೇ ಈಗ ನಮ್ಮ ಬಾಗಿಲ ಮುಂದೆ ಹಾಯುವಾಗ ಗಂಟಲು ಕೆರೆದುಕೊಳ್ಳುತ್ತದೆ.

ಶೇವಂತಾ

*

ಮೈಸೂರು
6 ಮಾರ್ಚ್ 1957

ಅಕ್ಕನಿಗೆ, ಜಯಭೀಮ.

ನಿನ್ನ ಕಾಗದ ಬಂದ ದಿನವೇ ಕೂತು ಬರೆದೆ. ಒಂದು ಪದ ಹೊಡೆದು ಹಾಕದೆ ಮುಗಿಯಿತು. ಶ್ರೀಕಂಠ ಓದಿ, “ಇದು ಖಂಡಿತ ಅಚ್ಚಾಗುತ್ತದೆ,” ಎಂದ. ಆಗಲೇ ಬೆಂಗಳೂರಿಗೆ ಅಂಚೆಗೆ ಹಾಕಿದ್ದೇನೆ. ನಿನಗೂ ಒಂದು ಪ್ರತಿ ಇಟ್ಟಿದ್ದೇನೆ. ಮೊದಲ ಸಾಲು ಹೀಗಿದೆ: ‘ಡಂಗುರ ನಿಂತಿತು, ಶಾಲೆ ತಪ್ಪಿತು.’

ಅಪ್ಪನ ಹೆಸರು ಎಲ್ಲಿಯೂ ಬಂದಿಲ್ಲ. ‘ಸಾರುವವನೊಬ್ಬ’ ಎಂದಷ್ಟೇ ಬರೆದಿದ್ದೇನೆ. ಇನ್ನು ಹತ್ತು ದಿನದಲ್ಲಿ ಸಂಪಾದಕರ ಉತ್ತರ ಬರುತ್ತದೆ. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಏಕನಾಥ

*

ಮೈಲೂರ, ಬೀದರ
13 ಮಾರ್ಚ್ 1957

ಏಕನಾಥ,

ಓದಿದೆ. ‘ಸಾರುವವನೊಬ್ಬ ತನ್ನ ಕರ್ತವ್ಯ ತ್ಯಜಿಸಿದ್ದರಿಂದ’ ಎಂದು ಬರೆದಿದ್ದೀ. ಕರ್ತವ್ಯ ಎಂದು ನಿನಗೆ ಯಾರು ಹೇಳಿದರು? ಊರಿನ ಪಾಟೀಲರಿಗಿಂತ ಚೆನ್ನಾಗಿ ಪಾಟೀಲರ ಮಾತನ್ನು ಬರೆದಿದ್ದೀ. ನನ್ನನ್ನು ಕೇಳಿದೆಯಾ? ಅಪ್ಪನನ್ನು ಒಂದು ಮಾತು ಕೇಳಿದೆಯಾ? ನಾನು ನಿನಗೆ ದುಃಖ ಬರೆದೆ, ನೀನು ಅದನ್ನು ಸುದ್ದಿ ಮಾಡಿದೆ.

ಅಪ್ಪನಿಗೆ ಇದನ್ನು ಓದಿ ಹೇಳಿಲ್ಲ. ಹೇಳುವುದೂ ಇಲ್ಲ.

ಶೇವಂತಾ

*

ಮೈಸೂರು
20 ಮಾರ್ಚ್ 1957

ಅಕ್ಕ,

ನಿನ್ನ ಕಾಗದ ಮತ್ತು ಸಂಪಾದಕರ ಕಾಗದ ಒಂದೇ ಟಪಾಲಿನಲ್ಲಿ ಬಂದವು. ವರದಿ ವಾಪಸು ಬಂದಿದೆ. ಕೆಳಗೆ ಎರಡು ಸಾಲು: ‘ಭಾಷೆ ಸೊಗಸಾಗಿದೆ. ಇದರಲ್ಲಿ ಒಬ್ಬರ ಮಾತೂ ಇಲ್ಲ. ತಾವು ಆ ಊರಿಗೆ ಹೋಗಿದ್ದಿರಾ?’

ಇನ್ನೂ ಮುಚ್ಚಿಟ್ಟರೆ ನಾನು ಈ ಓದಿಗೆ ಯೋಗ್ಯನಲ್ಲ. ಆ ಪಟ್ಟಿಯಲ್ಲಿ ನಾನು ತಂದೆಯ ಉದ್ಯೋಗ ‘ಸರ್ಕಾರದ ಪ್ರಚಾರ ಇಲಾಖೆ’ ಎಂದು ಹೇಳಿದ್ದೆ. ಎಂಟು ತಿಂಗಳಿನಿಂದ ಇಲ್ಲಿ ಎಲ್ಲರೂ ಅಪ್ಪನನ್ನು ಒಬ್ಬ ಅಧಿಕಾರಿ ಎಂದುಕೊಂಡಿದ್ದಾರೆ. ಅವರಿಗೆ ಜೀಪು ಇದೆಯೇ ಎಂದು ಶ್ರೀಕಂಠ ಒಮ್ಮೆ ಕೇಳಿದ್ದ. ಅಪ್ಪ ಬಾವಿಯ ಹತ್ತಿರ ಹಿಗ್ಗಿ ಹೇಳಿದ್ದು ಅದಕ್ಕೇ ನನಗೆ ಮುಳ್ಳಿನಂತೆ ಚುಚ್ಚಿತು. ಮಾರುಕಟ್ಟೆಯಲ್ಲಿಯೂ ನಾನು ಯಾರನ್ನೂ ಮಾತಾಡಿಸಿರಲಿಲ್ಲ. ಎರಡು ತಾಸು ಕಂಬದ ಮರೆಯಲ್ಲಿ ನಿಂತಿದ್ದೆ.

ನಿನ್ನೆ ಮೇಷ್ಟ್ರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಪಟ್ಟಿ ತರಿಸಿ, ಪೆನ್ನು ನನ್ನ ಕೈಗೇ ಕೊಟ್ಟರು. ‘ಮೂವತ್ತು ವರ್ಷ ಊರಿಗೆ ಡಂಗುರ ಸಾರಿದವರು. 1956ರ ಅಕ್ಟೋಬರಿನಲ್ಲಿ ತಾವಾಗಿಯೇ ಬಿಟ್ಟರು’ ಎಂದು ಬರೆದೆ. ಅವರು ಓದಿ, “ಇದು ನೀನು ಬರೆದ ಮೊದಲ ವರದಿ,” ಎಂದರು.

ಏಪ್ರಿಲ್ ಕೊನೆಗೆ ಇನ್ನು ನಲವತ್ತು ದಿನ. ಊರಿಗೆ ಬರುತ್ತಿದ್ದೇನೆ. ಆ ವರದಿ ಹರಿದು ಹಾಕಿದ್ದೇನೆ. ನೀನೂ ಹರಿದು ಹಾಕು.

ಏಕನಾಥ

*

ಠಾಣಾ ಕುಶನೂರ
2 ಏಪ್ರಿಲ್ 1957

ಅಕ್ಕನಿಗೆ, ಜಯಭೀಮ.

ಬಸ್ಸಿನ ಉಸ್ಮಾನ ಮಿಯಾನ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ಸಂಜೆಗೆ ನಿನಗೆ ಮುಟ್ಟುತ್ತದೆ.

ಮೊದಲ ಮೂರು ದಿನ ಚಾವಡಿಯ ತನಕ ಹೋಗಿ ಹೋಗಿ ತಿರುಗಿ ಬಂದೆ. ನಾಲ್ಕನೆಯ ದಿನ ಹೊಲದಲ್ಲಿ ಅಪ್ಪನ ಎದುರು ನೋಟುಪುಸ್ತಕ ತೆಗೆದು ಕೂತೆ. ಮೈಸೂರಿನಲ್ಲಿ ನಾನು ಹೇಳಿದ ಸುಳ್ಳನ್ನು ಮೊದಲು ಒಪ್ಪಿಕೊಂಡೆ. ಅಪ್ಪ ಸ್ವಲ್ಪ ಹೊತ್ತು ಕುಡುಗೋಲು ಮಸೆದರು. “ಜೀಪಿನಾಗ ನಾನು ಎಲ್ಲಿ ಕೂತಿದ್ದೆ? ಮುಂದನೋ ಹಿಂದನೋ?” ಎಂದರು. ಆಮೇಲೆ ನಗು ತಡೆಯದೆ ಕುಡುಗೋಲು ಕೆಳಗಿಟ್ಟರು. ನಾನು ಅತ್ತೆ.

ಆಮೇಲೆ ಕೇಳಿದೆ, “ನಿಮಗ ಆ ಕಾಗದದ ಸುದ್ದಿ ಗೊತ್ತಿತ್ತೇನು?”

“ಯಾರೂ ಹೇಳಿಲ್ಲ. ಹೇಳಿದ್ರ ಬಾಯಿಲೇ ಮನಿ ಮನಿಗಿ ಹೇಳ್ತಿದ್ದೆ. ಹಲಗಿ ಬಿಟ್ಟೀನಿ, ಬಾಯಿ ಬಿಟ್ಟಿಲ್ಲ.” ಮತ್ತೆ ಅವರೇ ಕೇಳಿದರು, “ಕಾಗದ ಊರಿಗಿ ಎಂದು ಬಂತು?”

“ಅಂಟಿಸಿ ತಿಂಗಳಾಗಿತ್ತಂತ.”

“ಅಂತ ಅಲ್ಲ. ಎಂದು ಬಂತು? ತಹಸೀಲಿನಿಂದ ಹುಕುಂ ಬಂದಾಗ ನಾ ಮದಲ ತಾರೀಖು ಕೇಳ್ತಿದ್ದೆ. ಹಳಸಿದ ಹುಕುಂ ಸಾರಿದ್ರ ಮಂದಿ ನನಗ ಬಯ್ತಿದ್ರು, ಕಚೇರಿಗಿ ಅಲ್ಲ.”

ಒಂಬತ್ತು ತಿಂಗಳು ಓದಿದ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಊರಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹಲಗೆಯಿಲ್ಲ ಎಂದ ಕೂಡಲೇ ತಪ್ಪು ಯಾರದು ಎಂಬುದು ಎಲ್ಲರಿಗೂ ತೀರ್ಮಾನವಾಗಿತ್ತು, ನನಗೂ.

ಪಟವಾರಿಗಳ ಮನೆಗೆ ಹೋದೆ. ಬಾಗಿಲಲ್ಲೇ ನಿಂತೆ. ಕಣ್ಣು ಮುಚ್ಚಿ ಒಂದೇ ಉಸಿರಿಗೆ, “ನಾ ನರಸಿಂಗನ ಮಗ ಏಕನಾಥ ರಿ. ಪತ್ರಿಕಿಗಿ ಬರೀಲಿಕ್ಕ ಬಂದೀನಿ. ಸಾಲಿ ಕಾಗದ ಎಂದು ಬಂತು ಅಂತ ಕೇಳಬೇಕಾಗೇದ,” ಎಂದೆ. ಕಣ್ಣು ತೆಗೆದರೆ ಅವರಿನ್ನೂ ಅಲ್ಲೇ ಇದ್ದರು. “ಏ, ಅಷ್ಟು ಜೋರ ಯಾಕ? ನನಗ ಕಿವಿ ಕೇಳಸ್ತದ,” ಎಂದರು.

ಅವರು ಬಂದ ಲಕೋಟೆಗಳನ್ನು ಎಸೆಯುವುದಿಲ್ಲ. ಸೀಳಿ ಬಿಡಿಸಿ, ಒಳಮೈಯಲ್ಲಿ ಟಿಪ್ಪಣಿ ಬರೆದು ತಂತಿಗೆ ಚುಚ್ಚಿ ಇಡುತ್ತಾರೆ. ಆ ತಂತಿಯಲ್ಲಿ ಹುಡುಕಲು ಒಂದು ತಾಸು ಹಿಡಿಯಿತು. ಸಿಕ್ಕಿತು, ಅಕ್ಕ. ಬೆಂಗಳೂರಿನ ಮುದ್ರೆ ಡಿಸೆಂಬರ್ 29. ವಿಳಾಸ: ಠಾಣಾ ಕುಶನೂರ, ಹೈದರಾಬಾದ್ ರಾಜ್ಯ! ಹಿಂಬದಿಯಲ್ಲಿ ಹೈದರಾಬಾದಿನ ಮುದ್ರೆ ಜನವರಿ 4, ಅದೇ ಊರಿನ ಮತ್ತೊಂದು ಮುದ್ರೆ ಫೆಬ್ರವರಿ 1. ಭಾಲ್ಕಿಯ ಮುದ್ರೆ ಫೆಬ್ರವರಿ 3. ಕೊನೆಯ ದಿನ ಕಳೆದು ಮೂರು ದಿನವಾದ ಮೇಲೆ ಅದು ಭಾಲ್ಕಿಯಲ್ಲಿ ರೈಲಿನಿಂದ ಇಳಿದಿದೆ. ಊರಿನಲ್ಲಿ ನೂರು ಹಲಗೆ ಬಾರಿಸಿದ್ದರೂ ಆ ಶಾಲೆ ಬರುತ್ತಿರಲಿಲ್ಲ.

ತಿಂಗಳಾಯಿತು ಎಂದು ಯಾಕೆ ಹೇಳಿದಿರಿ ಎಂದು ಕೇಳಿದೆ. ಇದು ನಿನಗೆ ಮಾತ್ರ: ಪಟವಾರಿಗಳಿಗೂ ಕನ್ನಡ ಅಕ್ಷರ ಬಾರದು. ಅದರಲ್ಲಿ ಏನಿದೆ ಎಂದು ತಿಳಿಯದೆಯೇ ಅಂಟಿಸಿದ್ದರು. ಕೇಳಿದಾಗ ನಾಚಿಕೆಯಿಂದ ಬಾಯಿಗೆ ಬಂದದ್ದು ಹೇಳಿದರು. ಇದನ್ನು ನಾನು ಅಚ್ಚಿಗೆ ಕಳಿಸುವುದಿಲ್ಲ. ನಾಚಿ ಸುಳ್ಳು ಹೇಳುವುದು ಏನು ಎಂದು ನನಗೆ ಗೊತ್ತು.

ನಾಳೆ ಭಾಲ್ಕಿಗೆ ಹೋಗುತ್ತೇನೆ.

ಏಕನಾಥ

*

ಭಾಲ್ಕಿ
4 ಏಪ್ರಿಲ್ 1957

ಅಕ್ಕ,

ನಿಂತುಕೊಂಡೇ ಬರೆಯುತ್ತಿದ್ದೇನೆ. ಇಲ್ಲಿ ಟಪಾಲು ವಿಂಗಡಿಸುವ ಅಬ್ದುಲ ಮಜೀದ ಸಾಹೇಬರಿಗೆ ಆ ದಿನದ ಟಪಾಲು ಥೈಲಿ ಚೆನ್ನಾಗಿ ನೆನಪಿದೆ. ರಾಜ್ಯ ಬದಲಾದರೂ ಕಳಿಸಿದವರು ಹಳೆಯ ವಿಳಾಸದ ಪಟ್ಟಿಯನ್ನೇ ನೋಡಿ ಬರೆದಿದ್ದಾರೆ. “ಒಂದಲ್ಲ ಬೇಟಾ, ಹನ್ನೊಂದು ಬಂದಿದ್ವು. ಎಲ್ಲಾ ಒಂದೇ ಥರದ ಲಕೋಟಿ. ಹೈದರಾಬಾದ ಸುತ್ತಿ ಬಂದಾವ, ಪಾಪ, ದಣದಾವ ಅಂದಿದ್ದೆ ನಾ,” ಎಂದರು. ಹನ್ನೊಂದು ಊರು! ಪಟ್ಟಿ ಬರೆದುಕೊಂಡೆ, ಉಳಿದ ಹತ್ತು ಊರಿಗೆ ಹೋಗಿ ಲಕೋಟೆ ಕಣ್ಣಾರೆ ನೋಡಬೇಕು. ಒಂದನ್ನು ಈಗಲೇ ಹೇಳಬಲ್ಲೆ, ಡಾಬಕಾ. ಅವರು ಕೈ ತಟ್ಟಿ ನಗುತ್ತಿಲ್ಲ. ಶಾಲೆ ಠಾಣಾ ಕುಶನೂರಿಗೆ ಹೋಯಿತೆಂದು ಅವರು ನಮ್ಮನ್ನು ಬಯ್ಯುತ್ತಿದ್ದಾರಂತೆ.

ಇವತ್ತು ಒಂದೇ ದಿನದಲ್ಲಿ ಗುರುತಿಲ್ಲದ ಏಳು ಮಂದಿಯನ್ನು ಮಾತಾಡಿಸಿದೆ.

ಏಕನಾಥ

*

ಮೈಲೂರ, ಬೀದರ
24 ಏಪ್ರಿಲ್ 1957

ನನ್ನ ತಮ್ಮನಿಗೆ, ಜಯಭೀಮ.

ನೀನು ಮೈಸೂರಿಗೆ ಮರಳಿದ ಮೂರನೆಯ ದಿನ ಪತ್ರಿಕೆ ಬಂತು. ಎರಡನೆಯ ಪುಟದಲ್ಲಿ, ಮೇಲ್ಗಡೆಯೇ ಇದೆ. ಮನೆಯ ಮಾಲಕ ಶರಫೋದ್ದೀನ ಚಾಚಾ ಒಂದು ಪ್ರತಿ ನನಗೆ ತಂದುಕೊಟ್ಟು, ಒಂದು ತಾವೇ ಇಟ್ಟುಕೊಂಡರು. ಅವರಿಗೆ ಕನ್ನಡ ಓದಲು ಬಾರದು. “ಇರ್ಲಿ, ನಮ್ಮ ಮನಿ ಹುಡುಗನ್ದು ಅದ,” ಎಂದರು.

ನಾನು ಭಾನುವಾರ ಊರಿಗೆ ಒಯ್ದೆ. ಚಾವಡಿಯಲ್ಲಿ ಜಾಗವಿಲ್ಲದಷ್ಟು ಜನ. ಓದಿದೆ:

‘ಬೀದರ ಜಿಲ್ಲೆಯ ಹನ್ನೊಂದು ಗ್ರಾಮಗಳಿಗೆ ಶಾಲೆಯ ಪ್ರಕಟಣೆ ಮುಟ್ಟುವ ಮೊದಲೇ ಅರ್ಜಿಯ ಅವಧಿ ಮುಗಿದಿತ್ತು. ಲಕೋಟೆಗಳ ಮೇಲೆ ಹಿಂದಿನ ರಾಜ್ಯದ ವಿಳಾಸವಿತ್ತು. ಠಾಣಾ ಕುಶನೂರಿನಲ್ಲಿ ಈ ತಪ್ಪನ್ನು ಡಂಗುರ ಬಿಟ್ಟ ನರಸಿಂಗ ಅವರ ಮೇಲೆ ಹೊರಿಸಲಾಗಿತ್ತು. “ಕಾಗದ ಎಂದು ಬಂತು?” ಎಂದು ಮೊದಲು ಕೇಳಿದವರು ಅವರೇ.’

ನರಸಿಂಗ ಅವರ. ಆ ಎರಡು ಪದಗಳನ್ನು ನನಗೆ ಸರಾಗವಾಗಿ ಓದಲಾಗಲಿಲ್ಲ. ಗುಂಪಿನ ಹಿಂದಿನಿಂದ ಒಬ್ಬರು, “ಬಾಯಿ, ಅಲ್ಲೇ ಮತ್ತೊಮ್ಮಿ ಓದ್ರಿ,” ಎಂದರು. ಅದು ಪಟವಾರಿಗಳ ದನಿ.

ಮೊನ್ನೆ, ನಾನಿನ್ನೂ ಊರಲ್ಲೇ ಇದ್ದಾಗ, ಹೊಸ ಆಜ್ಞೆ ಬಂತು. ಹನ್ನೊಂದೂ ಊರಿಗೆ ಅವಧಿಯನ್ನು ಮೇ 20ರ ವರೆಗೆ ಬೆಳೆಸಿದ್ದಾರೆ. ನಮ್ಮೂರಿನ ಅರ್ಜಿ ಒಂದೇ ದಿನದಲ್ಲಿ ಸಿದ್ಧವಾಯಿತು. ಸಹಿ ಐವತ್ತು ಕೇಳಿದ್ದರು, ನೂರಾ ಮೂವತ್ತಾದವು. ಅಪ್ಪ ಹೆಬ್ಬೆಟ್ಟು ಒತ್ತಲು ಒಪ್ಪಲಿಲ್ಲ. ನಾನು ಅವರ ಹೆಸರು ಬರೆದು ತೋರಿಸಿದೆ, ಅವರು ಅದನ್ನು ನೋಡಿಕೊಂಡು ಬಿಡಿಸಿದರು. ಸುಗ್ಗಿಯಲ್ಲಿ ತಪ್ಪಿದ ಜೋಳವನ್ನು ಇಬ್ಬರು ತಂದು ಅಂಗಳದಲ್ಲಿಟ್ಟರು. “ಆಯ ಅಂದ್ರ ಒಯ್ಯಿರಿ. ನಿಮ್ಮ ಹೊಲದಾಗ ಕೂಲಿ ಮಾಡೀವಿ, ಅದರ ಬದಲಿ ಅಂದ್ರ ಇಡ್ರಿ,” ಎಂದಳು ಅವ್ವ. ಬದಲಿ ಎಂದು ಹೇಳಿ ಇಟ್ಟು ಹೋದರು.

ಮಾರ್ಚಿನಲ್ಲಿ ನಿನಗೆ ಬರೆದದ್ದರಲ್ಲಿ ಒಂದು ಮಾತನ್ನೂ ಹಿಂದಕ್ಕೆ ಪಡೆಯುವುದಿಲ್ಲ. ಆದರೆ ಅಂಥದ್ದನ್ನು ಇನ್ನೊಮ್ಮೆ ಬರೆಯುವ ಪ್ರಸಂಗ ನೀನು ತರುವುದಿಲ್ಲವೆಂದು ಗೊತ್ತಾಯಿತು.

ಶೇವಂತಾ

*

ಮೈಸೂರು
24 ಮೇ 1957

ಅಕ್ಕನಿಗೆ, ಜಯಭೀಮ.

ಪರೀಕ್ಷೆಯಲ್ಲಿ ತೇರ್ಗಡೆಯಾದೆ, ಮೂರನೆಯವನಾಗಿ. ಶ್ರೀಕಂಠ ರೇಡಿಯೊದ ಧ್ವನಿ ಪರೀಕ್ಷೆಯಲ್ಲಿ ಗೆದ್ದ. ಅವನು ಬೆಳಗಿನಿಂದ ಯಾರ ಜತೆಗೂ ಮಾತಾಡುತ್ತಿಲ್ಲ, ಗಂಟಲು ಕಾಪಾಡಿಕೊಳ್ಳುತ್ತಿದ್ದಾನೆ. ಒಬ್ಬ ಪ್ರಚಾರ ಇಲಾಖೆಗೆ ಹೊರಟ, ಇಬ್ಬರು ಮುಂಬಯಿಯ ಜಾಹೀರಾತು ಕಂಪನಿಗೆ.

ಮೊನ್ನೆ ಬೆಂಗಳೂರಿಗೆ ಕರೆಸಿದ್ದರು. ಸಂಪಾದಕರ ಮೇಜಿನ ಸುತ್ತ ಆರು ಮಂದಿ. ಆ ಹನ್ನೊಂದು ಊರಿನ ಹೆಸರು ಹೇಳಿ ಎಂದರು. ಹೇಳಿದೆ. ಪ್ರತಿ ಊರಿನಲ್ಲಿ ಯಾರು ಏನೆಂದರು ಎಂದು ಕೇಳಿದರು. ಅದನ್ನೂ ಹೇಳಿದೆ. ಮುಕ್ಕಾಲು ತಾಸು ನಾನೊಬ್ಬನೇ ಮಾತಾಡಿದೆನೆಂದು ಹೊರಗೆ ಬಂದು ಗಡಿಯಾರ ನೋಡಿದಾಗಲೇ ತಿಳಿದದ್ದು. ನೇಮಕದ ಪತ್ರ ಜೇಬಿನಲ್ಲಿದೆ. ಜೂನ್ 12ರಿಂದ ನಾನು ಅವರ ಬೀದರ ಪ್ರತಿನಿಧಿ.

ಔರಾದ, ಭಾಲ್ಕಿ, ಬೀದರ, ಎಲ್ಲ ಕಡೆ ತಿರುಗಬೇಕು. ಶರಫೋದ್ದೀನ ಚಾಚಾನ ಮನೆಯಲ್ಲಿ ರಸ್ತೆ ಕಡೆಯ ಕೋಣೆ ಖಾಲಿ ಇದೆಯೇ ಕೇಳು.

ಏಕನಾಥ

*

ಠಾಣಾ ಕುಶನೂರ
9 ಜೂನ್ 1957

ಏಕನಾಥನಿಗೆ, ಜಯಭೀಮ.

ಕೋಣೆ ಸಿಕ್ಕಿದೆ, ಸುಣ್ಣ ಹೊಡೆಸಿದ್ದೇನೆ. ಇದು ನೀನು ಹೊರಡುವ ಮೊದಲು ಮುಟ್ಟುತ್ತದೋ ಇಲ್ಲವೋ, ಆದರೂ ಬರೆಯದೆ ಇರಲಾರೆ.

ಶಾಲೆ ಮಂಜೂರಾಗಿದೆ. ಕಟ್ಟಡ ಏಳುವ ತನಕ ಚಾವಡಿಯಲ್ಲೇ ನಡೆಯುತ್ತದೆ, ಐದನೆಯ ತರಗತಿಗೆ ಈಗಾಗಲೇ ಮೂವತ್ತೆಂಟು ಹೆಸರು. ಪಟವಾರಿಗಳು ಮಕ್ಕಳ ಹಿಂದಿನ ಸಾಲಿನಲ್ಲಿ ಕೂರಲು ಬರಬಹುದೇ ಎಂದು ನನ್ನನ್ನು ಗುಟ್ಟಾಗಿ ಕೇಳಿದ್ದಾರೆ.

ನೀನು ಬುಧವಾರ ಬೀದರಕ್ಕೆ ಬರುತ್ತೀ ಎಂದು ಉಸ್ಮಾನ ಮಿಯಾ ಬಸ್ಸು ನಿಂತ ಪ್ರತಿ ಊರಿನಲ್ಲೂ ಹೇಳಿದ್ದಾನೆ. ಇವತ್ತು ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ನಮ್ಮ ಅಂಗಳದಲ್ಲಿ ಜನ. ನೀನು ಇಲ್ಲವೆಂದರೆ, ಬರೆದುಕೊಂಡು ಇಡಿರಿ ಎನ್ನುತ್ತಾರೆ. ಡಾಬಕಾದಿಂದ ಒಬ್ಬರು ಬಂದಿದ್ದಾರೆ, ಅವರ ಊರಿನ ಅರ್ಧ ಬೇಲಿ ಯಾವ ರಾಜ್ಯದ್ದು ಎಂದು ಯಾರೂ ಹೇಳುತ್ತಿಲ್ಲವಂತೆ. ಗುರಮ್ಮ ಎಂಬವರು ಸೂಲಗಿತ್ತಿ, ಆಸ್ಪತ್ರೆಯ ನರ್ಸು ಆರು ತಿಂಗಳಿಂದ ಬಂದಿಲ್ಲವೆಂದು ತಾರೀಖಿನ ಸಮೇತ ಹೇಳಿದರು. ಮೂರನೆಯವರದು ಬಾವಿಯ ಮಾತು, ಉದ್ದವಿದೆ. ನಾನು ಬರೆದುಕೊಳ್ಳುತ್ತಿದ್ದೇನೆ. ಅಪ್ಪ ಬಾಗಿಲ ಬದಿಗೆ ಕೂತು ಪ್ರತಿಯೊಬ್ಬರಿಗೂ, “ಇದು ನೀವು ನೋಡಿದ್ದೋ, ಕೇಳಿದ್ದೋ?” ಎನ್ನುತ್ತಾರೆ. ಕೇಳಿದ್ದು ಎಂದವರನ್ನು, ಯಾರಿಂದ ಕೇಳಿದರೋ ಅವರನ್ನು ಕರೆತರಲು ತಿರುಗಿ ಕಳಿಸುತ್ತಿದ್ದಾರೆ.

ಈಗ, ಇದನ್ನು ಬರೆಯುತ್ತಿರುವಾಗ, ಮಡೆಪ್ಪನವರು ಬಂದರು. ನಮ್ಮ ಕೇರಿಗೆ ಅವರು ಕಾಲಿಟ್ಟದ್ದು ನನಗೆ ತಿಳಿದಂತೆ ಇದೇ ಮೊದಲು. ಬಿಳಿಯ ಅಂಗಿ ತೊಟ್ಟಿದ್ದಾರೆ, ಕೈಯಲ್ಲಿ ಮಡಚಿದ ಕಾಗದವಿದೆ. ಎಲ್ಲರನ್ನೂ ದಾಟಿ ನೇರ ಮುಂದಕ್ಕೆ ಬಂದು, “ನರಸಿಂಗ, ನಮ್ಮ ವರದಿಗಾರ ಎಂದು ಬರ್ತಾನ? ನಂದು ಜರೂರ ಅದ,” ಎಂದರು.

ಅಪ್ಪ ಕೂತಲ್ಲಿಂದ ಏಳಲಿಲ್ಲ. ಪಕ್ಕದ ಕಂಬಳಿಯ ಮೇಲಿನ ಧೂಳು ಕೈಯಿಂದ ಜಾಡಿಸಿದರು.

“ಬರ್ರಿ ಪಾಟೀಲರ, ಕೂಡ್ರಿ. ನಿಮ್ಮ ಮುಂದ ಮೂರು ಮಂದಿ ಅದಾರ.”

ಪಾಟೀಲರು ಅಂಗಳವನ್ನೊಮ್ಮೆ ನೋಡಿದರು, ಅಪ್ಪನನ್ನೊಮ್ಮೆ ನೋಡಿದರು. ಕಂಬಳಿಯ ಮೇಲೆ ಕೂತರು.

ಶೇವಂತಾ